ಕೆಲಸವಿಲ್ಲದೆ ಕೆಟ್ಟ ಬ್ರೇಕ್

ನಮ್ಮ ಕಾರಿನ ಬಲಗಡೆ ಮುಂದಿನ ಚಕ್ರದ ಬ್ರೇಕ್ ಡಿಸ್ಕ್ 94 ಡಿಗ್ರಿ. ಎಡಗಡೆಯದು 31. ಇನ್‌ಫ್ರಾರೆಡ್ ಥರ್ಮಾಮೀಟರ್ ಸುಳ್ಳು ಹೇಳುತ್ತಿರಬೇಕು ಅಂದುಕೊಂಡು ನನ್ನ ಅಂಗೈಗೇ ಹಿಡಿದೆ. 33 ತೋರಿಸಿತು. ಸರಿ, ಸುಳ್ಳಲ್ಲ.

ಆದರೆ ಥರ್ಮಾಮೀಟರಿಗಿಂತ ಮೊದಲು ಕಂಡುಹಿಡಿದಿದ್ದು ನಮ್ಮಪ್ಪನ ಮೂಗು. ಅಪ್ಪ ಆರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದಿದ್ದರು. ಅರಸೀಕೆರೆ ಡಿಪೋದಲ್ಲಿ ಕೆಎಸ್ಆರ್‌ಟಿಸಿ ಬಸ್ಸುಗಳ ಕೆಳಗೆ ಮಲಗಿಯೇ 31 ವರ್ಷ ಕಳೆದವರು. ದಿನಸಿ ತರಲು ಹೋಗಿ ವಾಪಸ್ ಬರುವಾಗ ಪಕ್ಕದ ಸೀಟಿನಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ಕೂತಿದ್ದವರು ಇದ್ದಕ್ಕಿದ್ದಂತೆ, "ಲೋ, ಎಲ್ಲೋ ಲೈನರ್ ಹಿಡ್ಕೊಂಡಿದೆ ಕಣೋ" ಅಂದರು. ಬ್ರೇಕ್ ಬಿಡದೆ ಉಜ್ಜುತ್ತಿದೆ ಅಂತ. ನನಗೆ ಯಾವ ವಾಸನೆಯೂ ಬಂದಿರಲಿಲ್ಲ. ಮನೆ ಮುಂದೆ ನಿಲ್ಲಿಸಿ ಇಳಿದ ಮೇಲೆ ಬಂತು. ದೋಸೆ ಹಂಚು ಒಲೆ ಮೇಲೆ ಮರೆತಾಗ ಬರುತ್ತದಲ್ಲ, ಅದೇ.

ಆಗ ಹಿಂದಿನದೆಲ್ಲ ಜೋಡಿಸಿಕೊಂಡಿತು. ಎರಡು ತಿಂಗಳಿಂದ ಮೈಲೇಜ್ ಗ್ಯಾಲನ್‌ಗೆ 46 ಇದ್ದದ್ದು 40ಕ್ಕೆ ಇಳಿದಿತ್ತು. ಚಳಿಗಾಲದಲ್ಲಿ ಹೇಗೂ ಸ್ವಲ್ಪ ಇಳಿಯುತ್ತದೆ ಅಂತ ಸುಮ್ನಿದ್ದೆ. ಸ್ಟಿಯರಿಂಗ್ ಒಂಚೂರು ಬಲಕ್ಕೆ ಎಳೆಯುತ್ತಿತ್ತು. ಅದಕ್ಕೆ ರಸ್ತೆಯನ್ನು ಬೈದುಕೊಂಡಿದ್ದೆ.

ನಾವಿರುವುದು ಅಮೆರಿಕದ ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ಹತ್ತಿರ. ಕಾರು 2008ರ ಟೊಯೋಟಾ ಪ್ರಿಯಸ್, ಪೆಟ್ರೋಲ್ ಎಂಜಿನ್ ಜೊತೆ ಎಲೆಕ್ಟ್ರಿಕ್ ಮೋಟರ್ ಕೂಡ ಇರುವ ಹೈಬ್ರಿಡ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, 1,58,000 ಮೈಲಿ ಓಡಿದೆ. ಇಲ್ಲಿ ಈರಿ ಸರೋವರದ ಅಡಿಯಲ್ಲಿ, ಸುಮಾರು 1,800 ಅಡಿ ಆಳದಲ್ಲಿ, ಒಂದು ದೊಡ್ಡ ಉಪ್ಪಿನ ಗಣಿ ಇದೆ. ಹಿಮ ಬಿದ್ದಾಗ ರಸ್ತೆಗೆ ಎರಚುವುದು ಆ ಉಪ್ಪನ್ನೇ. ನವೆಂಬರಿನಿಂದ ಮಾರ್ಚ್‌ವರೆಗೆ ಊರಿನ ಕಾರುಗಳೆಲ್ಲ ಉಪ್ಪು ಸವರಿ ಒಣಗಿಸಿದ ಮಾವಿನಕಾಯಿ ಹೋಳಿನ ಹಾಗೆ ಬೆಳ್ಳಗೆ ಕಾಣುತ್ತವೆ. ಕಬ್ಬಿಣಕ್ಕೆ ಅದು ಎಂಥ ಆಹಾರ ಅಂತ ಹೇಳಬೇಕಾಗಿಲ್ಲ.

ಆದರೆ ಉಪ್ಪು ಎಲ್ಲ ಕಾರುಗಳಿಗೂ ಒಂದೇ ತಾನೆ? ಹೈಬ್ರಿಡ್ ಕಾರಿನ ಬ್ರೇಕ್ ಇನ್ನೊಂದು ಕಾರಣಕ್ಕೂ ಕೆಡುತ್ತದೆ. ಅದಕ್ಕೆ ಕೆಲಸ ಕಮ್ಮಿ. ನಾವು ಪೆಡಲ್ ಒತ್ತಿದಾಗ ಮೊದಲು ಬ್ರೇಕ್ ಪ್ಯಾಡ್ ಡಿಸ್ಕನ್ನು ಹಿಡಿಯುವುದಿಲ್ಲ. ಮೋಟರ್ ಡೈನಮೋ ಆಗುತ್ತದೆ, ಕಾರಿನ ವೇಗವನ್ನು ಕರೆಂಟ್ ಮಾಡಿ ಬ್ಯಾಟರಿಗೆ ತುಂಬುತ್ತದೆ, ಕಾರು ನಿಧಾನವಾಗುತ್ತದೆ. ವೇಗ ಗಂಟೆಗೆ ಏಳೆಂಟು ಮೈಲಿಗೆ ಇಳಿದ ಮೇಲೆ, ಇಲ್ಲವೇ ಜೋರಾಗಿ ಒತ್ತಿದಾಗ, ಪ್ಯಾಡ್‌ಗಳು ಕೆಲಸಕ್ಕೆ ಇಳಿಯುತ್ತವೆ. ಉಳಿದ ಹೊತ್ತೆಲ್ಲ ಮನೆ ಅಳಿಯನ ಹಾಗೆ ಕೂತಿರುತ್ತವೆ. ಹೈಬ್ರಿಡ್ ಕಾರಿನ ಪ್ಯಾಡ್ ಒಂದು ಲಕ್ಷ ಮೈಲಿ ಬರುತ್ತದೆ ಅಂತ ಜನ ಹೊಗಳುವುದು ಇದಕ್ಕೇ. ಮಾಮೂಲಿ ಕಾರಿನಲ್ಲಿ ದಿನಾ ಬಿಸಿಯಾಗಿ, ಉಜ್ಜಿ, ಅಲ್ಲಾಡಿ ಉಪ್ಪು ನೀರು ಉದುರಿಹೋಗುತ್ತದೆ. ಇಲ್ಲಿ ಅದು ಹಾಗೇ ಕೂತು ಒಳಗೆ ಇಳಿಯುತ್ತದೆ. ಪ್ಯಾಡ್ ಸವೆಯುವ ಮುಂಚೆ, ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾಮ್ ಆಗುತ್ತದೆ.

ಇದನ್ನು ಅಪ್ಪನಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಶೆಡ್ಡಲ್ಲಿ ನಿಂತ ಬಸ್ಸೇ ಜಾಸ್ತಿ ಕೆಡೋದು" ಅಂದರು. ನನ್ನ ಐದು ನಿಮಿಷದ ಪಾಠ ಅವರ ಒಂದು ಸಾಲಿಗೆ ಮುಗಿಯಿತು.

ಮೊದಲು ಒಂದು ಗ್ಯಾರೇಜಿಗೆ ಹೋಗಿ ಕೇಳಿದೆ. ಹೈಬ್ರಿಡ್ ಅಂದ ಕೂಡಲೇ ಕೌಂಟರಿನವನ ಧ್ವನಿಯೇ ಬದಲಾಯಿತು. ಎರಡೂ ಕಡೆ ಕ್ಯಾಲಿಪರ್, ಎರಡೂ ಡಿಸ್ಕ್, ಆಯಿಲ್, ಎಲ್ಲ ಸೇರಿ 870 ಡಾಲರ್. ಎಡಗಡೆಯದು ಚೆನ್ನಾಗಿದೆಯಲ್ಲ ಅಂದರೆ, ಜೋಡಿಯಾಗಿಯೇ ಹಾಕಬೇಕು ಅಂದ. ಪ್ಯಾಡ್ ಜೋಡಿಯಾಗಿ ಹಾಕಬೇಕು, ಒಪ್ಪಿದೆ. ಚೆನ್ನಾಗಿರುವ ಕ್ಯಾಲಿಪರ್ ಬಿಚ್ಚಿ ಎಸೆಯುವುದು ನನಗೆ ಒಪ್ಪಿಗೆಯಾಗಲಿಲ್ಲ. ಈ ಹಿಂದೆ ಪ್ಯಾಡ್ ಬದಲಾಯಿಸಿ ಗೊತ್ತಿತ್ತು. ಬ್ರೇಕ್ ಆಯಿಲ್ ಪೈಪ್ ಬಿಚ್ಚಿದ್ದು ಮಾತ್ರ ಇರಲಿಲ್ಲ. ಮನೆಯಲ್ಲಿ 31 ವರ್ಷದ ಅನುಭವ ಟಿವಿ ನೋಡುತ್ತಾ ಕೂತಿತ್ತು.

"ಬ್ರೇಕ್ ಕೆಲಸ ಹುಡುಗಾಟ ಅಲ್ಲ" ಅಂದರು ಅಪ್ಪ. ಎರಡು ದಿನ ಬಿಟ್ಟು, "ಯಾವಾಗ ಮಾಡ್ತೀಯ?" ಅಂತ ಅವರೇ ಕೇಳಿದರು.

ಬಿಡಿಭಾಗದ ಅಂಗಡಿಯಿಂದ ರಿಪೇರಿ ಮಾಡಿ ಹೊಸದಾಗಿಸಿದ ಒಂದು ಕ್ಯಾಲಿಪರ್ ತಂದೆ, ಅದನ್ನು ಕೂರಿಸುವ ಬ್ರಾಕೆಟ್ ಸಮೇತ 82 ಡಾಲರ್. ಮೇಲೆ 50 ಡಾಲರ್ ಕೋರ್ ಚಾರ್ಜ್. ಅಂದರೆ ಹಳೆಯದನ್ನು ವಾಪಸ್ ಕೊಟ್ಟರೆ ಆ 50 ಕೈಗೆ ಬರುತ್ತದೆ. ಅಪ್ಪನಿಗೆ ಇದು ಬಹಳ ಹಿಡಿಸಿತು. "ಗುಜರಿಗೆ ನಾಲ್ಕು ಸಾವಿರ ರೂಪಾಯಿ!" ಅಂತ ಅಮ್ಮನಿಗೆ ಫೋನ್ ಮಾಡಿ ಹೇಳಿದರು. ಜೊತೆಗೆ ಎರಡು ಕಡೆಗೂ ಹೊಸ ಪ್ಯಾಡ್, ಡಾಟ್ 3 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಒಂದು ದೊಡ್ಡ ಬಾಟಲಿ, ಸಿಲಿಕಾನ್ ಗ್ರೀಸ್, ಎರಡು ತಾಮ್ರದ ವಾಷರ್, ಮೀನಿನ ತೊಟ್ಟಿಗೆ ಹಾಕುವಂಥ ಪಾರದರ್ಶಕ ಟ್ಯೂಬ್ ಎರಡು ಅಡಿ.

ಈ ಕೆಲಸದಲ್ಲಿ ಕಷ್ಟದ್ದು ನಟ್ಟು ಬೋಲ್ಟ್ ಅಲ್ಲ. ಕಾರನ್ನು ಮಲಗಿಸುವುದು.

ಮಾಮೂಲಿ ಕಾರಿನಲ್ಲಿ ಕೀ ತೆಗೆದರೆ ಬ್ರೇಕ್ ಬರೀ ಪೈಪು, ಆಯಿಲ್ಲು. ಈ ಕಾರಿನಲ್ಲಿ ಹಾಗಲ್ಲ. ಕಾರು ಚಾಲೂ ಇರುವಾಗ ನಮ್ಮ ಕಾಲು ನಿಜವಾಗಿ ಬ್ರೇಕ್ ಒತ್ತುವುದೇ ಇಲ್ಲ. ಎಷ್ಟು ಒತ್ತಿದ್ದೇವೆ ಅಂತ ಸೆನ್ಸರ್ ಕಂಪ್ಯೂಟರಿಗೆ ಹೇಳುತ್ತದೆ. ಒಂದು ಎಲೆಕ್ಟ್ರಿಕ್ ಪಂಪ್ ಮೊದಲೇ ಆಯಿಲ್ಲನ್ನು ಒತ್ತಡದಲ್ಲಿ ಕೂಡಿಟ್ಟಿರುತ್ತದೆ. ಕಂಪ್ಯೂಟರ್ ಅದರಿಂದ ಬೇಕಾದಷ್ಟನ್ನು ಚಕ್ರಗಳಿಗೆ ಬಿಡುತ್ತದೆ. ಪೆಡಲ್ ಕೆಳಗೆ ನಮಗೆ ಸಿಗುವ ಆ ಬಿಗಿ ಕೂಡ ಒಂದು ಸ್ಪ್ರಿಂಗಿನ ನಾಟಕ.

ಈ ಪಂಪ್‌ಗೆ ಇನ್ನೊಂದು ಅಭ್ಯಾಸ. ಕಾರು ಆಫ್ ಇದ್ದರೂ ಡ್ರೈವರ್ ಬಾಗಿಲು ತೆಗೆದರೆ ಸಾಕು, "ಗುಂಯ್" ಅಂತ ಎದ್ದು ಒತ್ತಡ ತುಂಬಿಸಿಕೊಳ್ಳುತ್ತದೆ. ಯಜಮಾನ ಬಂದ, ಹೊರಡುತ್ತಾನೆ ಅಂತ. ಆರು ವರ್ಷ ಆ ಸದ್ದು ಕೇಳಿದ್ದೇನೆ. ಪೆಟ್ರೋಲ್ ಪಂಪ್ ಇರಬೇಕು ಅಂದುಕೊಂಡಿದ್ದೆ. ಕ್ಯಾಲಿಪರ್ ಬಿಚ್ಚಿಟ್ಟು ಬೆರಳು ಒಳಗಿಟ್ಟಿರುವಾಗ ಮಗಳು ಬಂದು ಬಾಗಿಲು ತೆಗೆದರೆ? ಪೆಡಲ್ ಮುಟ್ಟಿದರೆ? ಪಿಸ್ಟನ್ ಹೊರಗೆ ನುಗ್ಗಬಹುದು. ಅದಕ್ಕೇ ಪ್ಯಾಡ್ ಬದಲಾಯಿಸುವ ಮುಂಚೆಯೇ 12 ವೋಲ್ಟ್ ಬ್ಯಾಟರಿಯ ಕನೆಕ್ಷನ್ ತೆಗೆಯಬೇಕು.

"ಇನ್ನೂರು ವೋಲ್ಟ್ ಬ್ಯಾಟರಿ ಇದೆ ಅಂತೀಯ, ಶಾಕ್ ಹೊಡೆಯಲ್ವಾ?" ಅಂತ ಅಪ್ಪ ಕೇಳಿದರು. ಅವರು ಹೇಳಿದ್ದು ಹೆಚ್ಚುಕಡಿಮೆ ಸರಿ, 201.6 ವೋಲ್ಟ್. ಆದರೆ ಅದು ಹಿಂದಿನ ಸೀಟಿನ ಹಿಂದೆ, ಅದರ ವೈರುಗಳೆಲ್ಲ ಕಿತ್ತಳೆ ಬಣ್ಣ. ಕಿತ್ತಳೆ ಬಣ್ಣದ್ದು ಮುಟ್ಟಬಾರದು, ಅಷ್ಟೇ. ಮುಂದಿನ ಚಕ್ರದ ಕ್ಯಾಲಿಪರ್ ಹತ್ತಿರ ಅಂಥದ್ದು ಯಾವುದೂ ಬರುವುದಿಲ್ಲ.

ಶನಿವಾರ ಬೆಳಿಗ್ಗೆ ಕೀಯನ್ನು ಅಡುಗೆಮನೆಯ ಸ್ಟೀಲ್ ಡಬ್ಬಿಯಲ್ಲಿ ಹಾಕಿಟ್ಟೆ. ಈ ಕಾರಿನ 12 ವೋಲ್ಟ್ ಬ್ಯಾಟರಿ ಇರುವುದು ಡಿಕ್ಕಿಯಲ್ಲಿ, ಬಲಗಡೆ ಮೂಲೆಯಲ್ಲಿ. ನೆಗೆಟಿವ್ ತೆಗೆದು ಬಟ್ಟೆ ಸುತ್ತಿದೆ. ಬ್ರೇಕ್‌ಗೆಂದೇ ಒಂದು ಕೆಪಾಸಿಟರ್ ಪೆಟ್ಟಿಗೆಯೂ ಇದೆ, ಬ್ಯಾಟರಿ ಕೈಕೊಟ್ಟರೆ ಕೊನೆಗಾಲಕ್ಕೆ ಇರಲಿ ಅಂತ. ಅದೂ ತಣ್ಣಗಾಗಲಿ ಅಂತ ಕಾಫಿ ಕುಡಿಯಲು ಒಳಗೆ ಹೋದೆ.

ಹೊರಗೆ ಬಂದರೆ ಡಿಕ್ಕಿ ಮುಚ್ಚಿತ್ತು. "ಹಾಗೇ ತೆಗೆದು ಹೋಗಿದ್ಯಲ್ಲ, ಹಿಮ ಒಳಗೆ ಬೀಳ್ತಿತ್ತು" ಅಂದರು ಅಪ್ಪ.

ಈ ಕಾರಿನ ಡಿಕ್ಕಿ ತೆರೆಯುವುದು ಕರೆಂಟಿನಿಂದ. ಕರೆಂಟ್ ಕೊಡುವ ಬ್ಯಾಟರಿ ಡಿಕ್ಕಿಯ ಒಳಗೆ. ಅದರ ವೈರನ್ನು ನಾನೇ ಈಗ ತಾನೆ ಕಿತ್ತಿದ್ದೇನೆ. ಬಾನೆಟ್ ಕೆಳಗೆ ಫ್ಯೂಸ್ ಪೆಟ್ಟಿಗೆಯಲ್ಲಿ ಜಂಪ್ ಕೊಡಲು ಒಂದು ಜಾಗ ಇದೆ, ಅಲ್ಲಿಗೆ ಬೇರೆ ಕಾರಿನಿಂದ ಕೇಬಲ್ ಹಾಕಿದರೆ ಡಿಕ್ಕಿ ತೆರೆಯುತ್ತದೆ. ಜಂಪರ್ ಕೇಬಲ್ ಎಲ್ಲಿದೆ? ಡಿಕ್ಕಿಯಲ್ಲಿ. ನಟ್ಟನ್ನು ಅಳೆದು ಬಿಗಿ ಮಾಡುವ ಟಾರ್ಕ್ ಸ್ಪ್ಯಾನರ್? ಅದೂ ಡಿಕ್ಕಿಯಲ್ಲಿ.

ಕಾರನ್ನು ಇನ್ನೂ ಜಾಕಿ ಮೇಲೆ ಏರಿಸಿರಲಿಲ್ಲ, ಅದೊಂದು ಪುಣ್ಯ. ಹಿಂದಿನ ಸೀಟು ಮಡಚಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಹೊಟ್ಟೆಯ ಮೇಲೆ ತೆವಳಿಕೊಂಡು ಹೋದೆ. ಡಿಕ್ಕಿ ಬಾಗಿಲಿನ ಬುಡದಲ್ಲಿ ಒಂದು ಚಿಕ್ಕ ಪ್ಲಾಸ್ಟಿಕ್ ಮುಚ್ಚಳ, ಅದರ ಹಿಂದೆ ಬೆರಳಷ್ಟು ಉದ್ದದ ಲಿವರ್. ಹುಡುಕುವುದಕ್ಕೆ ಕಾಲು ಗಂಟೆ ಹಿಡಿಯಿತು. ಹೊರಗಿನಿಂದ ಅಪ್ಪ ಗಾಜಿಗೆ ಮುಖ ಅಂಟಿಸಿ, "ಸಿಕ್ತಾ? ಸಿಕ್ತಾ?" ಅನ್ನುತ್ತಿದ್ದರು. ಸಿಕ್ಕಿತು. ಆಮೇಲೆ ಕೆಲಸ ಮುಗಿಯುವವರೆಗೆ ಡಿಕ್ಕಿಗೆ ಒಂದು ಚಪ್ಪಲಿ ಅಡ್ಡ ಕೊಟ್ಟಿದ್ದೆವು.

ಹಿಂದಿನ ಚಕ್ರಗಳಿಗೆ ಮರದ ತುಂಡು ಕೊಟ್ಟು, ಪಾರ್ಕಿಂಗ್ ಬ್ರೇಕ್ ಒತ್ತಿ, ಮುಂದಿನ ಎರಡೂ ಕಡೆ ಸ್ಟ್ಯಾಂಡ್ ಕೊಟ್ಟೆ. ಬಾಡಿ ಹಿಡಿದು ಜೋರಾಗಿ ಅಲ್ಲಾಡಿಸಿ ನೋಡಿದೆ, ಅಪ್ಪನೂ ಒಮ್ಮೆ ಅಲ್ಲಾಡಿಸಿದರು. ಬರೀ ಜಾಕಿಯನ್ನು ನಂಬಿ ಯಾರೂ ಕಾರಿನ ಕೆಳಗೆ ಕೈಯಿಡಬೇಡಿ. ನಟ್ಟುಗಳು 21 ಮಿಲಿಮೀಟರಿನವು. ಬಿಚ್ಚಿದ ಮೇಲೂ ಚಕ್ರ ಬರಲಿಲ್ಲ, ತುಕ್ಕಿಗೆ ಹಬ್‌ಗೇ ಅಂಟಿಕೊಂಡಿತ್ತು. ಟೈರಿಗೆ ಹಿಮ್ಮಡಿಯಿಂದ ನಾಲ್ಕು ಒದೆ.

ಕ್ಯಾಲಿಪರ್ ಬಿಚ್ಚುವ ಮುಂಚೆ ಒಂದು ಪರೀಕ್ಷೆ ಇತ್ತು. ಚಕ್ರ ಹಿಡಿದುಕೊಳ್ಳುವುದಕ್ಕೆ ಕ್ಯಾಲಿಪರಿಗೆ ಆಯಿಲ್ ತರುವ ರಬ್ಬರ್ ಹೋಸ್ ಕೂಡ ಕಾರಣ ಇರಬಹುದು. ಒಳಗೆ ಊದಿಕೊಂಡು, ಆಯಿಲ್ ಹೋಗಲು ಬಿಡುತ್ತದೆ, ವಾಪಸ್ ಬರಲು ಬಿಡುವುದಿಲ್ಲ. ಗಾಳಿ ತೆಗೆಯಲು ಕ್ಯಾಲಿಪರ್‌ನಲ್ಲಿರುವ ಸಣ್ಣ ತಿರುಪು, ಅಂದರೆ ಬ್ಲೀಡಿಂಗ್ ನಿಪ್ಪಲ್, ಸಡಿಲ ಮಾಡಿದಾಗ ಡಿಸ್ಕ್ ಹಗುರಾಗಿ ತಿರುಗಿದರೆ ತಪ್ಪು ಹೋಸ್‌ನದು. ಸಡಿಲ ಮಾಡಿದೆ. ಎರಡು ಹನಿ ಬಂತು. ಡಿಸ್ಕ್ ಹಾಗೇ ಬಿಗಿ. ಅಂದರೆ ಕ್ಯಾಲಿಪರ್‌ನದೇ ತಪ್ಪು.

ಕ್ಯಾಲಿಪರ್ ಒಂದು ದೊಡ್ಡ ಚಿಮಟದ ಹಾಗೆ. ಒಳಗಡೆ ಪಿಸ್ಟನ್ ಒತ್ತಿದಾಗ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದುಕೊಳ್ಳಬೇಕು. ಮೇಲಿನ ಪಿನ್ ಜಾರುತ್ತಿತ್ತು. ಕೆಳಗಿನದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಇಕ್ಕಳದಲ್ಲಿ ಹಿಡಿದು ತಿರುಚಿ ತಿರುಚಿ ಎಳೆದೆ. ಬಂದಾಗ ಅದರ ತುದಿಯ ರಬ್ಬರ್ ತೋಳು ನೆನೆಹಾಕಿದ ಕಡಲೆಯಂತೆ ಊದಿಕೊಂಡಿತ್ತು. ಯಾರೋ ಹಿಂದೆ ಮಾಮೂಲಿ ಗ್ರೀಸ್ ಹಚ್ಚಿದ್ದಾರೆ. ಪೆಟ್ರೋಲಿಯಂ ಗ್ರೀಸ್ ಈ ರಬ್ಬರಿಗೆ ಆಗುವುದಿಲ್ಲ, ಸಿಲಿಕಾನ್‌ನದೇ ಬೇಕು. ಪಿಸ್ಟನ್ನಿನ ಧೂಳುಟೋಪಿ ಹರಿದಿತ್ತು, ಅಂಚಿನಲ್ಲಿ ತುಕ್ಕು ಇಣುಕುತ್ತಿತ್ತು. ಕ್ಲಾಂಪ್ ಹಾಕಿ ಒತ್ತಿದರೆ ಪಿಸ್ಟನ್ ಕದಲಲಿಲ್ಲ. ಒಳಗಿನ ಪ್ಯಾಡ್ ಉಗುರಿನಷ್ಟು ಉಳಿದಿತ್ತು, ಹೊರಗಿನದು ಅರ್ಧಕ್ಕಿಂತ ಜಾಸ್ತಿ.

ಅಪ್ಪ ಆ ಎರಡು ಪ್ಯಾಡನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. "ಇವನು ದುಡಿದಿದಾನೆ, ಇವನು ಸಂಬಳ ತಗೊಂಡಿದಾನೆ" ಅಂದರು.

ಬ್ರಾಕೆಟ್ ಬೋಲ್ಟ್ ಎರಡು, 17ರವು. ಒಂದು ಬಂತು. ಇನ್ನೊಂದಕ್ಕೆ ನಾನು ನೇತಾಡಿದರೂ ಇಲ್ಲ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿದ್ದೆ. "ಬಿಚ್ಚಬೇಡ, ಮೊದಲು ಸ್ವಲ್ಪ ಟೈಟ್ ಮಾಡು" ಅಂದರು ಅಪ್ಪ. ವಿಚಿತ್ರ ಅನ್ನಿಸಿತು. ಟೈಟ್ ಮಾಡುವ ಕಡೆಗೆ ಒಂಚೂರು ಒತ್ತಿದೆ. "ಟಕ್" ಅಂತ ತುಕ್ಕು ಒಡೆದ ಸದ್ದು. ಆಮೇಲೆ ಹಿಡಿಗೆ ಒಂದು ಪೈಪ್ ತುಂಡು ಸಿಕ್ಕಿಸಿ ಬಿಚ್ಚುವ ಕಡೆಗೆ ಎಳೆದರೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಂತು. ಈ ಒಂದು ಉಪಾಯಕ್ಕೇ ಅವರ ವಿಮಾನದ ಟಿಕೆಟ್ ದುಡ್ಡು ವಸೂಲಾಯಿತು ಅಂತ ನಾನು ಅವರ ಮುಂದೆ ಹೇಳಲಿಲ್ಲ.

ಕೊನೆಗೆ ಹೋಸ್. ಕೆಳಗೆ ಬಟ್ಟಲಿಟ್ಟು ಬಿಚ್ಚಿದೆ. ಆಯಿಲ್ ಹನಿ ಹನಿಯಾಗಿ ಬೀಳಲು ಶುರು. ಬೇಗ ಬೇಗ ಹೊಸ ಬ್ರಾಕೆಟ್ ಕಟ್ಟಿ, ಹೊಸ ಕ್ಯಾಲಿಪರ್ ಕೂರಿಸಿ, ವಾಷರ್ ಹಾಕಿ ಹೋಸ್ ಜೋಡಿಸಬೇಕು ಅನ್ನುವಷ್ಟರಲ್ಲಿ ಅಪ್ಪ ಬಗ್ಗಿ ನೋಡಿದರು.

"ನಿಪ್ಪಲ್ ಯಾಕೆ ಕೆಳಗಿದೆ?"

ಹೌದಲ್ಲ. ಹಳೆಯ ಕ್ಯಾಲಿಪರ್‌ನಲ್ಲಿ ಮೇಲಿತ್ತು. ಗಾಳಿ ಮೇಲಕ್ಕೆ ಏರುತ್ತದೆ. ಅದು ಹೊರಗೆ ಬರುವ ತೂತು ಕೆಳಗಿದ್ದರೆ ನೂರು ಸಲ ಪೆಡಲ್ ಒತ್ತಿದರೂ ಮೇಲುಗಡೆ ಒಂದು ಗುಳ್ಳೆ ಹಾಗೇ ಕೂತಿರುತ್ತದೆ. ಪೆಟ್ಟಿಗೆ ಮೇಲೆ ಬಲಗಡೆ ಅಂತಲೇ ಬರೆದಿತ್ತು. ಒಳಗಿದ್ದದ್ದು ಎಡಗಡೆಯದು. ಯಾರೋ ಕೊಂಡು, ತಪ್ಪಾಗಿದೆ ಅಂತ ವಾಪಸ್ ಕೊಡುವಾಗ ಪೆಟ್ಟಿಗೆ ಅದಲುಬದಲಾಗಿರಬೇಕು. ಕಟ್ಟುವ ಮುಂಚೆ ಹಳೆಯದರ ಪಕ್ಕದಲ್ಲಿಟ್ಟು ನೋಡಿದ್ದರೆ ಒಂದು ಕ್ಷಣದಲ್ಲಿ ಗೊತ್ತಾಗುತ್ತಿತ್ತು. ನಾನು ನೋಡಲಿಲ್ಲ.

ಈಗ ಅಂಗಡಿಗೆ ಹೋಗಿ ಬರಬೇಕು. ಹೆಂಡತಿಯ ಕಾರಿತ್ತು, ಅದು ತೊಂದರೆ ಅಲ್ಲ. ಆದರೆ ಹೋಸ್‌ನಿಂದ ಆಯಿಲ್ ತೊಟ್ಟಿಕ್ಕುತ್ತಿದೆ. ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿ ಖಾಲಿಯಾದರೆ ಗಾಳಿ ಪಂಪ್ ಮತ್ತು ಕವಾಟಗಳಿರುವ ಆ್ಯಕ್ಚುಯೇಟರ್ ಒಳಗೆ ಹೋಗುತ್ತದೆ. ಅಲ್ಲಿ ಹೋದ ಗಾಳಿ ಕಾಲಿನಿಂದ ಒತ್ತಿದರೆ ಬರುವುದಿಲ್ಲ, ಕಂಪ್ಯೂಟರ್ ಹಚ್ಚಿ ತೆಗೆಯಬೇಕು. ಆ ಆ್ಯಕ್ಚುಯೇಟರ್ ಕೆಟ್ಟರಂತೂ ಸಾವಿರಾರು ಡಾಲರ್ ಮಾತು. ಹೋಸ್ ತುದಿಗೆ ಏನು ತುರುಕಲಿ ಅಂತ ನಾನು ಸುತ್ತಮುತ್ತ ಹುಡುಕುತ್ತಿದ್ದೆ.

"ಹಳೇದಕ್ಕೇ ವಾಪಸ್ ಕಟ್ಟೋ" ಅಂದರು ಅಪ್ಪ.

ಅಷ್ಟೇ. ಹಳೆಯ ಕ್ಯಾಲಿಪರ್, ಹಳೆಯ ವಾಷರ್, ಹೋಸ್ ಕಟ್ಟಿ ಒಂದು ಡಬ್ಬದ ಮೇಲೆ ಕೂರಿಸಿದೆ. ಸೋರುವುದು ನಿಂತಿತು. ಹೋಗಿ ಬರಲು ಒಂದು ಗಂಟೆ. ಕೌಂಟರಿನ ಹುಡುಗ ಸಾರಿ ಕೇಳಿ, ಇನ್ನೆರಡು ಪೆಟ್ಟಿಗೆ ತೆಗೆದು ತೋರಿಸಿ, ಸರಿಯಾದದ್ದನ್ನು ಕೊಟ್ಟ. ಈ ಸಲ ಅಲ್ಲೇ ನಿಂತು ನಿಪ್ಪಲ್ ಮೇಲೆ ಬರುತ್ತದಾ ಅಂತ ಗಾಳಿಯಲ್ಲಿ ಹಿಡಿದು ನೋಡಿದೆ.

ಬಂದ ಮೇಲೆ ಜೋಡಿಸುವುದು ಬೇಗ ಆಯಿತು. ಎಡಗಡೆ ಪ್ಯಾಡ್ ಬದಲಾಯಿಸಿದ್ದು ಅರ್ಧ ಗಂಟೆಯ ಕೆಲಸ. ಅಲ್ಲಿನ ಪಿನ್ನುಗಳು ಒಣಗಿದ್ದವು, ಅಷ್ಟೇ. ಒರೆಸಿ ಗ್ರೀಸ್ ಹಚ್ಚಿದೆ.

ಇನ್ನು ಗಾಳಿ ತೆಗೆಯುವುದು. ಬಸ್ಸಿನವರಿಗೆ ಇದು ಉಲ್ಟಾ ಲೋಕ. ಅಪ್ಪನ ಡಿಪೋದಲ್ಲಿ ಗಾಳಿಯೇ ಬ್ರೇಕ್. ಈಚಿನ ಬಸ್ಸುಗಳಲ್ಲಿ ಗಾಳಿ ಸೋರಿಹೋದರೆ ಸ್ಪ್ರಿಂಗ್ ಬಿಗಿದು ಹಿಂದಿನ ಚಕ್ರ ಲಾಕ್ ಆಗುತ್ತದೆ. "ನಮ್ಮಲ್ಲಿ ಗಾಳಿ ಹೋದ್ರೆ ಬಸ್ಸು ನಿಲ್ಲುತ್ತೆ, ನಿಮ್ಮಲ್ಲಿ ಗಾಳಿ ಬಂದ್ರೆ ಕಾರು ನಿಲ್ಲಲ್ಲ" ಅಂದರು. ಆಯಿಲ್ಲನ್ನು ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪೈಪಿನಲ್ಲಿ ಗುಳ್ಳೆ ಇದ್ದರೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ.

ನಮ್ಮ ಅದೃಷ್ಟಕ್ಕೆ ಮುಂದಿನ ಚಕ್ರಗಳದು ಸುಲಭ. ಈ ಕಾರಿನಲ್ಲಿ ಕರೆಂಟ್ ಇಲ್ಲದಾಗ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಮುಂದಿನ ಎರಡು ಚಕ್ರಗಳಿಗೆ ನೇರವಾಗಿ ಸೇರಿಕೊಳ್ಳುತ್ತದೆ. ಎಲ್ಲ ಕೆಟ್ಟರೂ ಕಾಲಿನ ಬಲದಿಂದಲೇ ಕಾರು ನಿಲ್ಲಲಿ ಅಂತ ಮಾಡಿದ ವ್ಯವಸ್ಥೆ. ಹಾಗಾಗಿ ಕಾರು ಮಲಗಿರುವಾಗಲೇ ಹಳೆಯ ಕಾಲದ ರೀತಿಯಲ್ಲಿ ಮುಂದಿನ ಗಾಳಿ ತೆಗೆಯಬಹುದು. ಹಿಂದಿನ ಚಕ್ರಗಳಿಗೆ ಈ ನೇರ ದಾರಿ ಇಲ್ಲ, ಅಲ್ಲಿಗೆ ಪಂಪ್ ಮೂಲಕವೇ ಹೋಗಬೇಕು. ನಾವು ಹಿಂದಿನ ಪೈಪ್ ಬಿಚ್ಚಿಯೇ ಇರಲಿಲ್ಲ.

ಡಬ್ಬಿಗೆ ಮ್ಯಾಕ್ಸ್ ಗೆರೆವರೆಗೆ ಹೊಸ ಆಯಿಲ್ ತುಂಬಿದೆ. ಮುಚ್ಚಿದ್ದ ಬಾಟಲಿಯನ್ನೇ ತೆರೆಯಬೇಕು. ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರುತ್ತದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅನ್ನುತ್ತದೆ ನಿಯಮ. ನೀರು ಕುಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಗುಳ್ಳೆ, ಗುಳ್ಳೆ ಅಂದರೆ ಮತ್ತೆ ಅದೇ ಸ್ಪಂಜು. ಫೆಂಡರ್ ಮೇಲೆ ಒಂದು ಹನಿ ಬಿತ್ತು. ಪೇಂಟ್ ತಿಂದುಹಾಕುತ್ತದೆ. ತಕ್ಷಣ ನೀರು ಸುರಿದೆ.

ಮೊದಲು ನಿಪ್ಪಲ್ಲಿಗೆ ಟ್ಯೂಬ್ ಹಾಕಿ, ಇನ್ನೊಂದು ತುದಿಯನ್ನು ಆಯಿಲ್ ಇದ್ದ ಬಾಟಲಿಯಲ್ಲಿ ಮುಳುಗಿಸಿ, ನಿಪ್ಪಲ್ ತೆರೆದು ಸುಮ್ನೆ ಹತ್ತು ನಿಮಿಷ ಬಿಟ್ಟೆ. ಅದರ ಪಾಡಿಗೆ ಅದು ಇಳಿಯಿತು. ಖಾಲಿ ಕ್ಯಾಲಿಪರ್ ಅರ್ಧ ತುಂಬಿಕೊಂಡಿತು. ಆಮೇಲೆ ಅಪ್ಪನನ್ನು ಮೆಲ್ಲಗೆ ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟೆ, ನೆಲದವರೆಗೆ ಹೋಗದ ಹಾಗೆ. ಹಳೆಯ ಮಾಸ್ಟರ್ ಸಿಲಿಂಡರ್‌ನಲ್ಲಿ ರಬ್ಬರ್ ಸೀಲ್ ಎಂದೂ ಹೋಗದ ಕೊನೆಯ ಭಾಗದಲ್ಲಿ ತುಕ್ಕು ಕೊಳೆ ಕೂತಿರುತ್ತದೆ. ಅಲ್ಲಿಗೆ ತಳ್ಳಿದರೆ ಸೀಲ್ ಹರಿಯಬಹುದು.

"ಒತ್ತಿ."

"ಒತ್ತಿದೆ."

"ಹಿಡ್ಕೊಳ್ಳಿ." ನಿಪ್ಪಲ್ ಕಾಲು ಸುತ್ತು ತೆರೆದೆ. ಟ್ಯೂಬಿನಲ್ಲಿ ಗುಳ್ಳೆಗಳ ಸಾಲು, ಸೋಡಾ ಬಾಟಲಿಯ ಹಾಗೆ. ಮುಚ್ಚಿದೆ. "ಬಿಡಿ."

"ಬಿಟ್ಟೆ."

ನಿಪ್ಪಲ್ ತೆರೆದಿರುವಾಗ ಅವರು ಕಾಲು ಎತ್ತಿದರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ. ಹಾಗಾಗಿ ಈ ಮೂರು ಮಾತಿನ ಮಂತ್ರವನ್ನು ಯಾರೂ ತಪ್ಪಿಸಬಾರದು. ಆರನೆಯ ಸಲ ನಿಪ್ಪಲ್ ಇನ್ನೂ ತೆರೆದಿರುವಾಗಲೇ ಅಪ್ಪ "ಚಳಿ" ಅಂದರು. ನಾನು ಗಾಬರಿಯಾಗಿ, "ಬಿಟ್ರಾ?" ಅಂದೆ. "ಇಲ್ಲ ಮಾರಾಯ, ಚಳಿ ಅಂದೆ. ಕಾಲು ಹಿಡ್ಕೊಂಡೇ ಇದೀನಿ." ಪಕ್ಕದ ಮನೆಯವರು ನಾಯಿ ಹಿಡಿದುಕೊಂಡು ಹೋಗುತ್ತಿದ್ದವರು ನಿಂತು ನೋಡಿದರು. ಇಬ್ಬರು ಗಂಡಸರು ಗೊತ್ತಿಲ್ಲದ ಭಾಷೆಯಲ್ಲಿ ಒಬ್ಬರಿಗೊಬ್ಬರು ಕೂಗುತ್ತಿದ್ದಾರೆ, ಒಬ್ಬ ನೆಲದ ಮೇಲೆ ಮಲಗಿದ್ದಾನೆ. ಕೈಬೀಸಿದೆ. ಅವರೂ ಬೀಸಿ ಹೋದರು.

ಐದು ಸಲಕ್ಕೊಮ್ಮೆ ಡಬ್ಬಿ ನೋಡುತ್ತಿದ್ದೆ. ಮೊದಲು ಬಂದ ಆಯಿಲ್ ಬೆಲ್ಲದ ಕಾಫಿಯ ಬಣ್ಣ. ಹದಿನೈದನೆಯ ಸಲದ ಹೊತ್ತಿಗೆ ತಿಳಿ ಜೇನಿನ ಬಣ್ಣ, ಗುಳ್ಳೆ ಇಲ್ಲ. ನಾನು ನಿಲ್ಲಿಸಲು ಹೋದೆ. ಅಪ್ಪ ಒಪ್ಪಲಿಲ್ಲ. ಕ್ಯಾಲಿಪರಿಗೆ ಮರದ ಹಿಡಿಯಿಂದ ನಾಲ್ಕು ಸಲ ಮೆತ್ತಗೆ ತಟ್ಟಲು ಹೇಳಿದರು. ಮತ್ತೊಮ್ಮೆ ಒತ್ತಿ, ಹಿಡಿದು, ತೆರೆದಾಗ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಟ್ಯೂಬಿನಲ್ಲಿ ನಿಧಾನವಾಗಿ ಹೊರಟಿತು. ನಾನು ಏನೂ ಹೇಳಲಿಲ್ಲ. ಅವರಿಗೆ ಅಲ್ಲಿಂದ ಕಾಣುತ್ತಲೂ ಇರಲಿಲ್ಲ. ಆದರೂ "ಬಂತಾ?" ಅಂತ ಕೇಳಿದರು.

ಎಡಗಡೆಗೂ ಹಾಗೇ ಮಾಡಿದೆವು. ಕಾರನ್ನು ಎಬ್ಬಿಸುವ ಮುಂಚೆ ಪೆಡಲನ್ನು ಮೆಲ್ಲಗೆ ಹಲವು ಸಲ ಒತ್ತಿ ಪಿಸ್ಟನ್‌ಗಳು ಪ್ಯಾಡಿಗೆ ತಾಗುವಂತೆ ಮಾಡಿದೆವು. ಹಾಗೆ ಮಾಡದಿದ್ದರೆ ಪಂಪ್ ಎದ್ದ ಕೂಡಲೇ ಆಯಿಲ್ ಎಲ್ಲೋ ಹೋಗುತ್ತಿದೆ, ಸೋರಿಕೆ ಇದೆ ಅಂತ ಕಂಪ್ಯೂಟರ್ ಹೆದರಿ ದೀಪ ಹಚ್ಚಬಹುದು. ಚಕ್ರ ಹಾಕಿ ನಟ್ಟುಗಳಿಗೆ 76 ಅಡಿ-ಪೌಂಡ್, ಅಂದರೆ 103 ನ್ಯೂಟನ್ ಮೀಟರ್. ಟಾರ್ಕ್ ಸ್ಪ್ಯಾನರ್ "ಕ್ಲಿಕ್" ಅಂದಾಗ ಅಪ್ಪ, "ಇದೊಂದು ನಮ್ಮ ಡಿಪೋಲಿ ಇದ್ದಿದ್ರೆ" ಅಂದರು.

ಬ್ಯಾಟರಿ ವೈರ್ ಹಾಕಿದೆ. ಕೀ ತರಲು ಹೋದರೆ ಡಬ್ಬಿಯಲ್ಲಿ ಹೆಂಡತಿ ಉದ್ದಿನಬೇಳೆ ತುಂಬಿದ್ದಳು. ಕೀ ಅದರ ತಳದಲ್ಲಿತ್ತು. ಡ್ರೈವರ್ ಬಾಗಿಲು ತೆಗೆದೆ.

ಗುಂಯ್.

ನಾಲ್ಕೈದು ಸೆಕೆಂಡ್ ಓಡಿ ನಿಂತಿತು. ಪವರ್ ಒತ್ತಿದೆ. ಬ್ರೇಕ್ ದೀಪ ಬಂದು ಹೋಯಿತು. ಪೆಡಲ್ ಜೋರಾಗಿ ಒತ್ತಿ ಹಿಡಿದೆ, ಅಪ್ಪ ಟಾರ್ಚ್ ಹಿಡಿದು ಹೋಸಿನ ಜೋಡಣೆ ನೋಡಿದರು. ಬೆರಳಿನಿಂದ ಒರೆಸಿಯೂ ನೋಡಿದರು. ಒಣಗಿತ್ತು.

ಮೊದಲ ಓಟ ನಮ್ಮ ಬೀದಿಯಲ್ಲೇ, ನಡೆಯುವ ವೇಗದಲ್ಲಿ. ಆಮೇಲೆ ಖಾಲಿಯಿದ್ದ ಒಂದು ಶಾಲೆಯ ಪಾರ್ಕಿಂಗ್. ಹೊಸ ಪ್ಯಾಡ್ ಡಿಸ್ಕಿಗೆ ಕೂರಬೇಕು ಅಂದರೆ ಪ್ಯಾಡ್‌ಗಳೇ ಕೆಲಸ ಮಾಡಬೇಕು, ಮೋಟರ್ ಮಾಡಬಾರದು. ಅದಕ್ಕೆ ಉಪಾಯ ಗೇರನ್ನು ನ್ಯೂಟ್ರಲ್‌ಗೆ ಹಾಕುವುದು. ನ್ಯೂಟ್ರಲ್‌ನಲ್ಲಿ ಮೋಟರ್ ಕರೆಂಟ್ ಮಾಡುವುದಿಲ್ಲ, ಪೂರ್ತಿ ಭಾರ ಡಿಸ್ಕಿನ ಮೇಲೆ. ಗಂಟೆಗೆ 30 ಮೈಲಿಯಿಂದ ಎಂಟು ಹತ್ತು ಸಲ ಹಾಗೆ ನಿಧಾನ ಮಾಡಿದೆ. ಮೊದಲೆರಡು ಸಲ ಕರಕರ ಅಂತ ತುಕ್ಕು ಉಜ್ಜುವ ಸದ್ದು, ಆಮೇಲೆ ನಯ. ಥರ್ಮಾಮೀಟರ್ ಅಪ್ಪನ ಕೈಯಲ್ಲಿತ್ತು. ಮನೆಗೆ ಮಾಮೂಲಿಯಾಗಿ ಓಡಿಸಿಕೊಂಡು ಬಂದು, ಅರ್ಧ ಗಂಟೆ ಬಿಟ್ಟು ಇನ್ನೊಂದು ಸುತ್ತು ಹಾಕಿದ ಮೇಲೆ ನೋಡಿದೆವು. ಎಡ 41, ಬಲ 43.

ಈಗ ತಿಂಗಳಿಗೆ ಎರಡು ಸಲ, ಹಿಂದೆ ಯಾರೂ ಇಲ್ಲದಾಗ, ಹೀಗೆ ನ್ಯೂಟ್ರಲ್‌ನಲ್ಲಿ ಬ್ರೇಕ್ ಹಾಕಿ ಡಿಸ್ಕ್ ಉಜ್ಜುತ್ತೇನೆ. ಚಳಿಗಾಲ ಮುಗಿದ ಮೇಲೆ ಪಿನ್ ತೆಗೆದು ಗ್ರೀಸ್ ಹಚ್ಚುವುದು ಅಂತಲೂ ಮಾಡಿಕೊಂಡಿದ್ದೇನೆ. ಬೆಂಗಳೂರಿನ ತಮ್ಮ ಬಿಡದಿಯಲ್ಲಿ ತಯಾರಾದ ಹೈಬ್ರಿಡ್ ಕಾರು, ಟೊಯೋಟಾ ಹೈರೈಡರ್ ಇಟ್ಟುಕೊಂಡಿದ್ದಾನೆ. ಅವನೂ ಇದನ್ನು ಮಾಡಬೇಕಾ ಅಂತ ಕೇಳಿದ. ನಿಮ್ಮಲ್ಲಿ ರಸ್ತೆಗೆ ಉಪ್ಪು ಹಾಕುವುದಿಲ್ಲವಲ್ಲ, ಸರ್ವಿಸ್‌ಗೆ ಬಿಟ್ಟಾಗ ಪಿನ್ ನೋಡಿ ಅಂತ ಹೇಳು, ಸಾಕು ಅಂದೆ.

ಹಿಂದಿನ ಚಕ್ರಗಳ ಹಳೆಯ ಆಯಿಲ್ ಬಗ್ಗೆ ಮನಸ್ಸು ಕೊರೆಯುತ್ತಿತ್ತು. ಆಕ್ರನ್‌ನಲ್ಲಿರುವ ಗೆಳೆಯನ ಹತ್ತಿರ ಈ ಕಾರಿಗೆ ಹೊಂದುವ ಸಾಫ್ಟ್‌ವೇರ್ ಇರುವ ಹಳೆಯ ಲ್ಯಾಪ್‌ಟಾಪ್ ಇತ್ತು. "ಒಂದು ಕ್ಯಾಲಿಪರಿಗೆ ಇಷ್ಟು ರಾಮಾಯಣ ಮಾಡಿದ್ಯಾ?" ಅಂತ ಅವನು ಬಹಳ ನಕ್ಕ. ಮುಂದಿನ ಶನಿವಾರ ಅವನ ಗ್ಯಾರೇಜಿನಲ್ಲಿ ಅದನ್ನು ಸಿಕ್ಕಿಸಿ, ಪರದೆ ಹೇಳಿದ ಹಾಗೆ ಮಾಡಿದೆವು. ಪೆಡಲ್ ಒತ್ತಿ ಹಿಡಿದರೆ ಸಾಕು, ಪಂಪ್ ತಾನೇ ರಭಸದಿಂದ ಆಯಿಲ್ಲನ್ನು ಹೊರಗೆ ತಳ್ಳುತ್ತದೆ. ಪಂಪ್ ಬಿಸಿಯಾಗದ ಹಾಗೆ ನಡುನಡುವೆ ಬಿಡುವು ಕೊಡಬೇಕು, ಡಬ್ಬಿಯ ಮೇಲೆ ಕಣ್ಣಿರಬೇಕು, ಅಷ್ಟೇ. ಒತ್ತಿ-ಹಿಡ್ಕೊಳ್ಳಿ-ಬಿಡಿ ಏನೂ ಇಲ್ಲ. ಅಪ್ಪ ಐದು ನಿಮಿಷ ನೋಡಿ ಬೇಜಾರಾಗಿ ಒಳಗೆ ಹೋಗಿ ಕೂತರು.

ಲೆಕ್ಕ ಹೇಳಬೇಕಲ್ಲ. ಹಳೆಯ ಕ್ಯಾಲಿಪರ್ ಕೊಟ್ಟು 50 ಡಾಲರ್ ವಾಪಸ್ ಬಂದ ಮೇಲೆ ಒಟ್ಟು ಖರ್ಚು 141. ಹಳೆಯ ಆಯಿಲ್ಲನ್ನು ಊರಿನ ಅಪಾಯಕಾರಿ ಕಸದ ಕೇಂದ್ರಕ್ಕೆ ಕೊಟ್ಟು ಬಂದೆ. ಮೈಲೇಜ್ 47ಕ್ಕೆ ಏರಿತು. ಡ್ರೈವರ್ ಕಿಟಕಿಯ ಗಾಜು ಒಂದೇ ಒತ್ತಿಗೆ ತಾನಾಗಿ ಮೇಲೇರುವುದನ್ನು ಮರೆತಿತ್ತು. ಬ್ಯಾಟರಿ ತೆಗೆದರೆ ಅದಕ್ಕೆ ಮತ್ತೆ ಕಲಿಸಬೇಕಂತೆ. ಅದು ನನಗೆ ಗೊತ್ತಾಗಿದ್ದು ಮಳೆಯಲ್ಲಿ, ಕಾಫಿ ಕೊಡುವ ಕಿಟಕಿಯ ಮುಂದೆ.

ಅಪ್ಪ ಊರಿಗೆ ಹೊರಡುವ ವಾರ ಪಾರ್ಮಾದ ಶಿವ ವಿಷ್ಣು ದೇವಸ್ಥಾನಕ್ಕೆ ಹೋಗಿದ್ದೆವು. ನಾನು ಚಪ್ಪಲಿ ಬಿಟ್ಟು ತಿರುಗಿ ನೋಡಿದರೆ ಅವರಿಲ್ಲ. ಪಾರ್ಕಿಂಗ್‌ನಲ್ಲಿದ್ದರು. ಜುಬ್ಬಾ ಜೇಬಿನಿಂದ ಥರ್ಮಾಮೀಟರ್ ತೆಗೆದು, ಆಗಷ್ಟೇ ಬಂದು ನಿಂತ ಕಾರುಗಳ ಚಕ್ರಕ್ಕೆ ಒಂದೊಂದಾಗಿ ಹಿಡಿಯುತ್ತಾ ಬರುತ್ತಿದ್ದರು. ಒಂದು ನೀಲಿ ಕಾರಿನ ಹತ್ತಿರ ನಿಂತರು, ಬಗ್ಗಿದರು, ಇನ್ನೊಂದು ಸಲ ಹಿಡಿದರು.

"ಎಡ ಮುಂದೆ, 88" ಅಂತ ಅಲ್ಲಿಂದಲೇ ಕೂಗಿದರು. "ಇದು ಯಾರದೋ?"

ಲ್ಯಾಪ್‌ಟಾಪ್ ಗೆಳೆಯನದು.